ಪಕ್ಕದ ಮನೆ ಮೆಟ್ಟಿಲ ಕಡೆಯ ಕಿಟಕಿ

ನಮ್ಮ ವಿಜಯನಗರದಲ್ಲಿ ಎಲ್ಲರೂ ಕಿಟಕಿ ತೊಳೆಯುವುದು ಆಯುಧಪೂಜೆಗೆ. ನನ್ನ ಪ್ರಕಾರ ಅದು ದಂಡದ ಕೆಲಸ. ಗಾಜು ಫಳಫಳ ಅನ್ನಿಸಿ, ಕುಂಕುಮ ಇಟ್ಟು ಕೈ ತೊಳೆದುಕೊಳ್ಳುವಷ್ಟರಲ್ಲಿ ಮಳೆ ಬಂದಿರುತ್ತದೆ. ಮಳೆ ಬಿಟ್ಟಿತು ಅನ್ನುವಾಗ ದೀಪಾವಳಿ ಹೊಗೆ. ಯುಗಾದಿಗೆ ತೊಳೆದರೆ ವಾರದೊಳಗೆ ರಸ್ತೆಯ ಧೂಳೆಲ್ಲ ನಮ್ಮದೇ. ಸೊಸೆಯಾಗಿ ಬಂದು ಇಪ್ಪತ್ತು ವರ್ಷ ಈ ಮನೆಯ ಗಾಜು ಒರೆಸಿದವಳು ನಾನು. ದೀಪಾವಳಿ ಕಳೆದು ಹದಿನೈದು ದಿನ ಬಿಟ್ಟು ಒರೆಸಬೇಕು, ಅಷ್ಟೇ.

ಅತ್ತೆ ಒಪ್ಪುತ್ತಿರಲಿಲ್ಲ. "ಮಿಕ್ಕಿದ್ದು ನೀನು ಯಾವಾಗ ಬೇಕಾದ್ರೂ ತೊಳ್ಕೊ. ನನ್ನ ರೂಮಿಂದು ಸಂಕ್ರಾಂತಿಗೇ" ಅನ್ನುವರು. ವಾದ ಮಾಡಿ ಸೋತು, ವಯಸ್ಸಾದವರ ಹಟ ಅಂದುಕೊಳ್ಳುತ್ತಿದ್ದೆ.

ಅವರ ರೂಮಿನ ಕಿಟಕಿ ಒಂದು ವಿಚಿತ್ರ. ಟ್ವೆಂಟಿ ಥರ್ಟಿ ಸೈಟು. ಕಟ್ಟುವಾಗ ನಾವೂ ಜಾಗ ಬಿಟ್ಟಿಲ್ಲ, ಪಕ್ಕದವರೂ ಬಿಟ್ಟಿಲ್ಲ. ಮೊದಲ ಮಹಡಿಯ ಆ ಕಿಟಕಿಗೂ ಪಕ್ಕದ ಮನೆಯ ಹೊರಮೆಟ್ಟಿಲಿಗೂ ನಡುವೆ ಒಂದೇ ಮೊಳ. ಒಳಗೆ ಗ್ರಿಲ್ಲು, ಅದರಾಚೆ ಜಾರಿಸುವ ಗಾಜು. ಹೊರಮೈ ಒರೆಸಬೇಕಾದರೆ ಅವರ ಮೆಟ್ಟಿಲ ಮೇಲೆ ನಿಲ್ಲಲೇಬೇಕು.

ಮಂಡಿನೋವು ಬಂದ ಮೇಲೆ ಅತ್ತೆ ಕೆಳಗಿಳಿಯುವುದು ಬಿಟ್ಟರು. ಆಮೇಲೆ ಅವರ ಬೀದಿ, ಅಂಗಡಿ, ಹರಟೆಕಟ್ಟೆ ಎಲ್ಲ ಆ ಕಿಟಕಿಯೇ. ಪಕ್ಕದ ಮನೆ ಆಂಟಿ ಮೆಟ್ಟಿಲ ಮೇಲೆ ಕೂತರೆ ಇಬ್ಬರಿಗೂ ಹೊತ್ತು ಹೋದದ್ದೇ ಗೊತ್ತಾಗುತ್ತಿರಲಿಲ್ಲ. ಆಂಟಿಯ ಕುಂಡದ ಕರಿಬೇವು ಗ್ರಿಲ್ಲಿನ ಸಂದಿಯಿಂದ ಈಚೆ ಬರುತ್ತಿತ್ತು, ನಮ್ಮ ಉಪ್ಪಿನಕಾಯಿ ಆಚೆ ಹೋಗುತ್ತಿತ್ತು.

ಅದನ್ನು ಹಾಳು ಮಾಡಿದವಳು ನಾನೇ. ಕಳೆದ ಯುಗಾದಿಯ ಹಿಂದಿನ ದಿನ ಅತ್ತೆಯ ಹಾಸಿಗೆಗೆ ಹೊಸ ಬೆಡ್‌ಶೀಟ್ ಹಾಸಿ ಈಚೆ ಬಂದಿದ್ದೆ. ಆಂಟಿ ಮೆಟ್ಟಿಲಿಗೆ ಬಕೆಟ್ ನೀರು ಹೊಯ್ದರು. ಕೊಳೆನೀರು ಕಿಟಕಿಯಿಂದ ನೇರ ಹಾಸಿಗೆಗೇ ರಾಚಿತು. ನನಗೆ ಮೊದಲೇ ಮೂಗಿನ ತುದಿಯಲ್ಲಿ ಕೋಪ.

"ಕಣ್ಣು ಕಾಣಲ್ವಾ ನಿಮಗೆ?" ಅಂದೆ.

"ಜಾಗ ಬಿಡದೆ ಮನೆ ಕಟ್ಟಿದ್ರೆ ಹೀಗೇ ಆಗೋದು" ಅಂದರು ಆಂಟಿ.

"ಇನ್ಮೇಲೆ ಈ ಕಡೆ ತಲೆ ಹಾಕ್ಬೇಡಿ" ಅಂದು ಗಾಜನ್ನು ರಪ್ಪನೆ ಎಳೆದೆ.

ಆ ಗಾಜನ್ನು ಅತ್ತೆಯೇ ತೆಗೆಯಬಹುದಿತ್ತು, ತೆಗೆಯಲಿಲ್ಲ. ಫೋನು ಮಾಡಬಹುದಿತ್ತು, ಮಾಡಲಿಲ್ಲ. ಸೊಸೆ ಹಾಕಿದ್ದನ್ನು ತಾನು ತೆಗೆದರೆ ಪಕ್ಕದವರ ಮುಂದೆ ಸೊಸೆಯ ಮಾತಿಗೆ ಬೆಲೆ ಇರುವುದಿಲ್ಲ ಅನ್ನುವುದು ಅವರ ಲೆಕ್ಕ. ಮಳೆ ಬಂತು, ಧೂಳು ಬಂತು, ದೀಪಾವಳಿ ಹೊಗೆಯೂ ಬಂತು. ಆಚೆ ಹೋಗುವವರು ನೆರಳಿನಂತೆ ಕಾಣುವಷ್ಟು ಗಾಜು ಮಾಸಿತು. ಆದರೂ ಅತ್ತೆ ಅದಕ್ಕೇ ಮುಖ ಮಾಡಿ ಕೂರುತ್ತಿದ್ದರು. ನೋಡಿದಾಗಲೆಲ್ಲ ಗಾಜು ತೆಗೆದುಬಿಡೋಣ ಅನ್ನಿಸುತ್ತಿತ್ತು. ಆದರೂ ಬಿಗುಮಾನ ಬಿಡಬೇಕಲ್ಲ.

ಕಾರ್ತಿಕದಲ್ಲಿ ಕ್ಲೀನಿಂಗ್‌ನವರನ್ನು ಕರೆಸಿದೆ. ಅವರು ಮೇಲೆ ಕೆಳಗೆ ನೋಡಿ, "ಪಕ್ಕದವ್ರನ್ನ ಕೇಳ್ಬೇಕು ಮೇಡಂ" ಅಂದು ಹೊರಟರು.

"ಸಂಕ್ರಾಂತಿ ಬರ್ಲಿ ಬಿಡೇ" ಅಂದರು ಅತ್ತೆ.

ಸಂಕ್ರಾಂತಿ ಸಂಜೆ ಅತ್ತೆ ಎಳ್ಳುಬೆಲ್ಲ, ಸಕ್ಕರೆ ಅಚ್ಚು, ಕಬ್ಬು, ಬಾಳೆಹಣ್ಣು ಜೋಡಿಸಿದ ತಟ್ಟೆಯನ್ನು ನನ್ನ ಕೈಗಿಟ್ಟರು. ಇನ್ನೊಂದು ಕೈಗೆ ಒದ್ದೆ ಬಟ್ಟೆ.

"ಅವ್ರ ಮನೇಗೆ ಎಳ್ಳು ಬೀರಿ ಬಾ. ಹಂಗೇ ಆ ಗಾಜೂ ಒರೆಸ್ಬಿಡು."

ನಾನು ಮುಖ ಊದಿಸಿ ನಿಂತೆ.

"ಅವ್ರಿಗೂ ನಮಗೂ ಎಷ್ಟು ಸಲ ಜಗಳ ಆಗಿದೆ ಗೊತ್ತೇನೇ? ಮನೆ ಕಟ್ಟೋವಾಗ ಗೋಡೆ ಜಗಳ, ಆಮೇಲೆ ಮೋರಿ ಜಗಳ. ಇವತ್ತೊಂದು ದಿನ ಎಳ್ಳು ತಂದೋರ ಮುಖಕ್ಕೆ ಯಾರೂ ಬಾಗಿಲು ಹಾಕಲ್ಲ ಕಣೇ. ಅದಕ್ಕೇ ಸಂಕ್ರಾಂತಿ ಅಂದಿದ್ದು."

ಮಳೆ, ಹೊಗೆ, ಧೂಳು ಎಂದು ಇಷ್ಟು ವರ್ಷ ವಾದ ಮಾಡಿದ್ದಕ್ಕೆ ನಾಚಿಕೆಯಾಯಿತು. ಹೋದೆ.

ಆಂಟಿ ಬಾಗಿಲು ತೆಗೆದು ತಟ್ಟೆ ನೋಡಿದರು, ಬಟ್ಟೆ ನೋಡಿದರು. ಅವರ ಹಿಂದೆ ಮೇಜಿನ ಮೇಲೆ ಎಳ್ಳಿನ ಇನ್ನೊಂದು ತಟ್ಟೆ ಮುಚ್ಚಿಟ್ಟಿತ್ತು. "ನಿಮ್ಮತ್ತೆಗೆ ಅಂತ ಬೆಳಗ್ಗೇನೇ ಮಾಡಿಟ್ಟೆ. ಹೆಂಗೆ ಕೊಡೋದು ಅಂತ ಗೊತ್ತಾಗ್ಲಿಲ್ಲ" ಅಂದರು.

"ತಪ್ಪಾಯ್ತು ಆಂಟಿ" ಅಂದೆ.

"ನಾನೂ ನೋಡಿ ನೀರು ಹಾಕ್ಬೇಕಿತ್ತು. ಕೊಡಿ ಆ ಬಟ್ಟೆ. ನೀವು ಬಗ್ಗಿದ್ರೆ ಬಿದ್ದೋಗ್ತೀರ."

ಮೆಟ್ಟಿಲ ಮೇಲೆ ನಿಂತು ಆಂಟಿ ಒರೆಸುತ್ತ ಹೋದಂತೆ ಒಳಗಡೆ ಮೊದಲು ಅತ್ತೆಯ ಬಿಳಿಗೂದಲು ಕಂಡಿತು, ಆಮೇಲೆ ಮುಖ. ಅವರೂ ಗ್ರಿಲ್ಲಿನ ಸಂದಿಯಲ್ಲಿ ಕೈ ತೂರಿಸಿ ಸೆರಗಿನ ತುದಿಯಿಂದ ಒರೆಸುತ್ತಿದ್ದರು. ಒಂದು ಕಲೆ ಮಾತ್ರ ಹೋಗಲೊಲ್ಲದು. ಅದು ಒಳಗಿನದು ಎಂದು ಆಂಟಿ ಬೆರಳು ತೋರಿಸುವರು, ಹೊರಗಿನದು ಎಂದು ಅತ್ತೆ. ಅಷ್ಟಾದರೂ ಅತ್ತೆ ಗಾಜನ್ನು ಜಾರಿಸಲಿಲ್ಲ. ನನ್ನ ಕಡೆ ನೋಡಿದರು.

ದಡದಡ ಇಳಿದು, ನಮ್ಮ ಮೆಟ್ಟಿಲು ಹತ್ತಿ, ರೂಮಿಗೆ ಓಡಿದೆ. ಧೂಳು ಕೂತು ಗಾಜು ಬಿಗಿಯಾಗಿತ್ತು. ಎರಡು ಸಲ ಎಳೆದ ಮೇಲೆ ಜಾರಿತು.

ಒಂಬತ್ತು ತಿಂಗಳ ಮೇಲೆ ಮುಖಾಮುಖಿ. ಅತ್ತೆ ಅಳಬಹುದು ಅಂದುಕೊಂಡೆ. ಅವರು ಗ್ರಿಲ್ಲು ಹಿಡಿದುಕೊಂಡು, "ಎರಡೆಸಳು ಕರಿಬೇವು ಇದ್ರೆ ಕೊಡಮ್ಮಾ, ಮನೇಲಿ ಒಂದೆಲೆನೂ ಇಲ್ಲ" ಅಂದರು.

ಹಿಂದಿನ ದಿನವಷ್ಟೇ ನಾನು ಮಾರ್ಕೆಟ್ಟಿನಿಂದ ತಂದ ದೊಡ್ಡ ಕಟ್ಟು ಫ್ರಿಜ್ಜಿನಲ್ಲಿತ್ತು. ಬಾಯಿ ಬಿಡಲಿಲ್ಲ ನಾನು.