ರನ್‌ವೇಯಿಂದ ಬಂದ ನನ್ನ ದನಿ

ದೆವ್ವ, ಶಕುನ, ಮೈಮೇಲೆ ಬರುವುದು ಇವನ್ನೆಲ್ಲ ನಾನು ಎಂದೂ ನಂಬಿದವನಲ್ಲ. ಮನೆಯಲ್ಲಿ ಯಾರಾದರೂ ಆ ಮಾತು ಎತ್ತಿದರೆ ಎದ್ದು ಹೋಗುತ್ತಿದ್ದೆ. ಈಗಲೂ ನಂಬುತ್ತೇನೆ ಎನ್ನಲಾರೆ. ಆದರೆ ಒಂದು ಮಧ್ಯಾಹ್ನ ನಡೆದದ್ದನ್ನು ಇಷ್ಟು ವರ್ಷ ಯಾರಿಗೂ ಪೂರ್ತಿ ಹೇಳಿರಲಿಲ್ಲ. ಹೇಳಿದರೆ ನನ್ನ ತಪ್ಪೂ ಜೊತೆಗೆ ಹೊರಬೀಳುತ್ತಿತ್ತು.

ನಾನು ಎಸ್ಸೆಸ್ಸೆಲ್ಸಿ ಓದಿದವನು. ಆದಿವಾಲ ಎಂಬ ಊರಿನ ಆಚೆ, ವಿಮಾನ ನಡೆಸುವುದನ್ನು ಕಲಿಸುವ ಒಂದು ಸಣ್ಣ ನಿಲ್ದಾಣದಲ್ಲಿ ಕೆಲಸಕ್ಕಿದ್ದೆ. ವಿಮಾನ ಇಳಿಯುವ ಮುಂಚೆ ಜೀಪಿನಲ್ಲಿ ರನ್‌ವೇಯ ಕೊನೆತನಕ ಹೋಗಿ, ನಾಯಿ, ಕುರಿ, ಕಲ್ಲು ಏನೂ ಇಲ್ಲವೆಂದು ನೋಡಿ ವಾಕಿಟಾಕಿಯಲ್ಲಿ, ವಿಮಾನಕ್ಕೆ ಇಳಿಯಲು ಒಪ್ಪಿಗೆ ಕೊಡುವ ಟವರಿಗೆ ಹೇಳಬೇಕು. ರನ್‌ವೇಯ ಆ ತುದಿ ತಗ್ಗಿನಲ್ಲಿತ್ತು, ಟವರಿನಿಂದ ಕಾಣುತ್ತಿರಲಿಲ್ಲ. ಅಲ್ಲಿಯ ಮಟ್ಟಿಗೆ ಟವರಿನ ಕಣ್ಣು ನಾನೇ.

ಅದೇ ತುದಿಯಲ್ಲಿ ತಂತಿಬೇಲಿ ಒಂದು ಕಡೆ ಸಡಿಲವಾಗಿತ್ತು. ಒಳಗೆ ಒಳ್ಳೆಯ ಹುಲ್ಲು. ನನ್ನ ಹೆಂಡತಿಯ ತಮ್ಮ ಕರಿಯಣ್ಣ ಕುರಿ ಕಾಯುವವನು. ಅವನನ್ನು ನಾನೇ ಒಳಗೆ ಬಿಡುತ್ತಿದ್ದೆ. ಸ್ವಂತ ಬಾಮೈದನಿಗೆ ಇಲ್ಲ ಎನ್ನಲು ನಾಲಗೆ ಏಳಲಿಲ್ಲ.

ಆ ದಿನ ಜೊತೆಯವನು ರಜೆ ಹಾಕಿದ್ದ. ಎರಡು ಪಾಳಿ ಒಬ್ಬನೇ ಮಾಡಿ ಸೋತುಹೋಗಿದ್ದೆ. ಮಧ್ಯಾಹ್ನ ಒಂದು ಜೋರು ಮಳೆ ಬಂದು ನಿಂತಿತು. ಆಕಾಶ ತಿಳಿಯಾದ ಮೇಲೆ, ಕಲಿಯಲು ಬಂದಿದ್ದ ಹುಡುಗಿಯೊಬ್ಬಳು ಮೊದಲ ಸಲ ಒಬ್ಬಳೇ ಹಾರುತ್ತಿದ್ದಳು. ಅವಳು ಇಳಿಯಬೇಕು, ರನ್‌ವೇ ನೋಡಿ ಹೇಳಿ ಎಂದು ಟವರಿನ ಮೇಡಂ ಕೇಳಿದರು. ಜೀಪು ನಿಲ್ಲಿಸುವ ಶೆಡ್ಡಿನಲ್ಲಿ ಕೂತಿದ್ದ ನಾನು ಏಳಲೇ ಇಲ್ಲ. ಕೂತಲ್ಲಿಂದಲೇ, "ಖಾಲಿ ಐತೆ ಮೇಡಂ" ಎಂದೆ. ವಾಕಿಟಾಕಿಯ ಬ್ಯಾಟರಿ ಕಳಚಿ ಚಾರ್ಜಿಗೆ ಹಾಕಿ ಮಲಗಿಬಿಟ್ಟೆ. ಕರಿಯಣ್ಣ ಒಳಗಿದ್ದಾನೆಂದು ನನಗೆ ಗೊತ್ತಿತ್ತು. ಮಳೆ ನಿಂತ ಮೇಲೆ ಕುರಿ ಹಸಿ ನೆಲ ಬಿಟ್ಟು ಒಣ ಜಾಗ ಹುಡುಕುತ್ತವೆ, ಡಾಂಬರು ಎಲ್ಲಕ್ಕಿಂತ ಮೊದಲು ಒಣಗುತ್ತದೆ. ಕುರಿಯವರ ಮನೆಯಲ್ಲಿ ಹುಟ್ಟಿದ ನನಗೆ ಇದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಎಂಜಿನ್ನಿನ ಅಬ್ಬರಕ್ಕೆ ಎಚ್ಚರವಾಯಿತು. ಇಳಿಯಲು ಬಂದ ವಿಮಾನ ನೆಲ ಮುಟ್ಟದೆ ಮತ್ತೆ ಮೇಲೇರುತ್ತಿತ್ತು. ಶೆಡ್ಡಿನ ಫೋನು ಹೊಡೆದುಕೊಂಡಿತು. ಎತ್ತಿದರೆ ಟವರಿನ ಮೇಡಂ. "ಅಣ್ಣಾ, ನೀವು ಕೂಗಿ ಹೇಳ್ದೆ ಇದ್ದಿದ್ರೆ ಆ ಹುಡುಗಿ ಕತೆ ಮುಗೀತಿತ್ತು."

ನಾನು ಕೂಗಿರಲಿಲ್ಲ. ಬ್ಯಾಟರಿ ಇನ್ನೂ ಚಾರ್ಜಿನಲ್ಲೇ ಇತ್ತು.

ಜೀಪು ಓಡಿಸಿಕೊಂಡು ತಗ್ಗಿಗೆ ಹೋದೆ. ಮಂದೆಯೆಲ್ಲ ಡಾಂಬರಿನ ಮೇಲೆ. ನಡುವೆ ತಲೆ ಮೇಲಿಂದ ಕಂಬಳಿ ಕೊಪ್ಪೆ ಹಾಕಿಕೊಂಡ ಕರಿಯಣ್ಣ.

"ತಲೆ ಮ್ಯಾಲೇ ಹೋತಲ್ಲ ಭಾವ! ಇನ್ನೊಂದ್ ಮೊಳ ಕೆಳಗೆ ಬಂದಿದ್ರೆ ನಂಗೂ ಉಣ್ಣೆ ಕತ್ತರಿಸ್ತಿತ್ತು" ಎಂದು ನಗಲು ಹೋದ, ಹಲ್ಲು ಕಟಕಟ ಎನ್ನುತ್ತಿದ್ದವು.

"ಇಲ್ಲಿ ಯಾರು ಬಂದಿದ್ರಲೇ?"

"ಯಾರೂ ಇಲ್ಲ. ನಾನು, ಕುರಿ."

ಯಾರಾದರೂ ಬರುವ ಮುಂಚೆ ಮಂದೆಯ ಸಮೇತ ಅವನನ್ನು ಹೊರಗೆ ಅಟ್ಟಿದೆ.

ಮರುದಿನ ವಿಚಾರಣೆಗೆ ಬಂದ ಅಧಿಕಾರಿಗಳು ಟವರಿನ ರೆಕಾರ್ಡಿಂಗ್ ಹಾಕಿಸಿದರು. ಮೊದಲು ನನ್ನ "ಖಾಲಿ ಐತೆ ಮೇಡಂ." ಸ್ವಲ್ಪ ಹೊತ್ತಿನ ನಂತರ ಅದೇ ದನಿ, ಓಡಿಬಂದವನ ಏದುಸಿರಿನಲ್ಲಿ: "ಇಳಿಸಬ್ಯಾಡ್ರಿ ಮೇಡಂ, ಕುರಿ ಅವೆ, ಮನುಷ್ಯ ಅವ್ನೆ!" ಹಿಂದೆ ಕುರಿಗಳ ಅರಚಾಟ, ಹತ್ತಿರದಲ್ಲೇ. ನಾನು ಮಲಗಿದ್ದ ಶೆಡ್ಡಿಗೂ ಆ ತಗ್ಗಿಗೂ ಒಂದು ಮೈಲಿಯ ಹತ್ತಿರ ದೂರ. ನನ್ನ ದನಿ ನನಗೆ ಗೊತ್ತಾಗದೆ? ನನ್ನದೇ.

"ಮೊದಲು ಖಾಲಿ ಅಂದ್ರಲ್ಲ?" ಎಂದು ಅಧಿಕಾರಿ ಕೇಳಿದರು.

"ಆಮೇಲೆ ನುಗ್ಗಿದ್ವು ಸಾರ್. ಕಾಯೋನು ಓಡಿಹೋದ" ಎಂದೆ.

ಒಪ್ಪಿಕೊಂಡರು. ಬೇಲಿ ರಿಪೇರಿಯಾಯಿತು, ನನಗೆ ಶಾಲು ಹೊದಿಸಿದರು. ಆ ಹುಡುಗಿ ಬಂದು ಕಾಲು ಮುಟ್ಟಿದಳು. ನಿವೃತ್ತಿಯಾಗುವವರೆಗೂ ಜೀವ ಉಳಿಸಿದವನೆಂಬ ಅದೇ ಹೆಸರಿನ ಮೇಲೆ ಕಾಲ ಹಾಕಿದೆ. ನಿದ್ದೆಗಣ್ಣಲ್ಲಿ ಎದ್ದು ಹೋಗಿದ್ದೆನೇ ಎಂದರೆ, ನನ್ನ ಕಾಲಲ್ಲಿ ಕೆಸರಿರಲಿಲ್ಲ, ಜೀಪು ನಿಂತಲ್ಲೇ ಇತ್ತು. ಎಷ್ಟು ಯೋಚಿಸಿದರೂ ತಲೆ ನೋಯುತ್ತದೆಯೇ ಹೊರತು ಬೇರೇನೂ ಆಗುವುದಿಲ್ಲ.

ಕರಿಯಣ್ಣ ಮಾತ್ರ ಮನೆಗೆ ಬಂದಾಗಲೆಲ್ಲ ನನ್ನ ಮೊಮ್ಮಕ್ಕಳಿಗೆ, "ಈ ಭಾವನ ದೆಸೆಯಿಂದ ಉಳ್ಕಂಡಿರ ಜೀವ ಇದು" ಎನ್ನುತ್ತಿದ್ದ. ಕಳೆದ ತಿಂಗಳು ಅದನ್ನು ಇನ್ನೊಮ್ಮೆ ಕೇಳಲಾಗಲಿಲ್ಲ. ಎಲ್ಲವನ್ನೂ ಹೇಳಿಬಿಟ್ಟೆ. ಆ ದನಿಯ ಬಗ್ಗೆ ಕೇಳುತ್ತಾನೆ ಅಂದುಕೊಂಡಿದ್ದೆ. ಅವನು ಅದನ್ನು ಕಿವಿಗೇ ಹಾಕಿಕೊಳ್ಳಲಿಲ್ಲ.

"ನಾನು ಒಳಗಿರದು ಗೊತ್ತಿದ್ದೂ ಮಲಗಿದ್ಯಾ ಭಾವ?" ಎಂದ.

ಹೂಂ ಎಂದೆ. ಟೀ ಲೋಟ ಹಾಗೇ ಇಟ್ಟು ಎದ್ದು ಹೋದ. ಆಮೇಲೆ ಬಂದಿಲ್ಲ.

ಅವತ್ತು ಕೂಗಿದವರು ಯಾರೋ ನನಗೆ ಇವತ್ತಿಗೂ ಗೊತ್ತಿಲ್ಲ. ಮಲಗಿದ್ದವನು ಮಾತ್ರ ನಾನು.