ಬಿಲ್ಲೆಯಲ್ಲಿಲ್ಲದ ಹೆಸರು

ಮೂರು ಮೂಟೆ ಸಿಮೆಂಟು ನಮ್ಮ ಮಹಡಿಗೆ ಹೊತ್ತ ಕೂಲಿ ನಾನು ಮಾರ್ಮನ್ ಎಂಬ ಕ್ರೈಸ್ತ ಪಂಥದ ಆ ಹುಡುಗನಿಗೆ ಇನ್ನೂ ಕೊಟ್ಟಿಲ್ಲ. ಕೊಡಹೋದರೆ ಕೈ ಹಿಂದಕ್ಕೆ ಕಟ್ಟಿಕೊಳ್ಳುತ್ತಾನೆ. ಎರಡು ವರ್ಷ ಧರ್ಮ ಸಾರಲೆಂದು ದೂರದೇಶದಿಂದ ಬಂದ ಹತ್ತೊಂಬತ್ತರ ಪೋರ. ಬಿಳಿ ಅಂಗಿ, ಟೈ, ಎದೆಯ ಮೇಲೊಂದು ಕಪ್ಪು ಬಿಲ್ಲೆ. ಮೀಸೆ ಬಲಿಯದವನಿಗೆ ಬಿಲ್ಲೆಯಲ್ಲಿ ‘ಹಿರಿಯ’ ಎಂಬ ಪದವಿ, ಮುಂದೆ ಮನೆತನದ ಹೆಸರು, ಅಷ್ಟೇ; ಸ್ವಂತ ಹೆಸರು ಈ ಎರಡು ವರ್ಷ ಬಳಸುವಂತಿಲ್ಲವಂತೆ. ಪಕ್ಕದಲ್ಲಿ ಅಂಥವನೇ ಇನ್ನೊಬ್ಬ. ಒಬ್ಬ ಉಚ್ಚೆಗೆ ಹೋದರೆ ಇನ್ನೊಬ್ಬ ಬಾಗಿಲಲ್ಲಿ ಕಾಯಬೇಕು. “ಬಂದ್ವು ಜೋಡೆತ್ತು, ಬಾಗ್ಲು ಹಾಕ್ರೇ!” ಎಂದು ಎದುರುಮನೆಯಾಕೆ ಕೂಗುತ್ತಾಳೆ. ಮುಚ್ಚಿದ ಬಾಗಿಲಿಗೂ ಈ ಮೂಟೆ ಹೊತ್ತ ಹುಡುಗ “ತಮಗೆ ಶುಭವಾಗಲಿ, ತಾಯಿ” ಎಂದು ಪುಸ್ತಕದ ಭಾಷೆಯಲ್ಲಿ ಹೇಳಿ ಮುಂದಿನ ಮನೆಯ ಗಂಟೆ ಒತ್ತುತ್ತಾನೆ. ಮುಷ್ಕರದ ಕರಪತ್ರ ಹಿಡಿದು ಮೂವತ್ತು ವರ್ಷ ಇವೇ ಮೆಟ್ಟಿಲು ಹತ್ತಿದವನು ನಾನು. ಅವನ ದೇವರು ನನಗೆ ಬೇಡ. ಆದರೆ ಅವನ ಬೂಟಿನ ಸವೆದ ಅಟ್ಟೆ ನೋಡಿದರೆ ಎಷ್ಟು ಮನೆಯಲ್ಲಿ ಬೈಸಿಕೊಂಡಿದ್ದಾನೆಂದು ಗೊತ್ತಾಗುತ್ತದೆ. ಸೋಮವಾರ ಮಾತ್ರ ಬಿಡುವು. ಅವತ್ತು ಅಂಗಿ ಒಗೆಯುತ್ತಾನೆ, ಅಮ್ಮನಿಗೆ ಫೋನು ಮಾಡುತ್ತಾನೆ. ಮೂಟೆ ಇಳಿಸಿದ ದಿನ ಕೇಳಿದೆ: “ಬಿಲ್ಲೆಯಲ್ಲಿರೋದು ನಿಮ್ಮಪ್ಪನ ಮನೆ ಹೆಸ್ರು ಕಣಯ್ಯಾ. ನಿನ್ನ ಹೆಸ್ರೇನು?” ಕಳ್ಳತನದಲ್ಲಿ ಸಿಕ್ಕವನಂತೆ ಜೊತೆಗಾರನ ಮುಖ ನೋಡಿದ. ಕಿವಿ ಕೆಂಪಾಯಿತು. ಮೆಲ್ಲಗೆ ಹೇಳಿದ. ನಾನು ಹಾಗೇ ಕರೆದೆ. “ಹದಿನಾಲ್ಕು ತಿಂಗಳಿಂದ ಅಮ್ಮ ಒಬ್ರೇ ಹಂಗೆ ಕರೆಯೋದು,” ಅಂದ. ಆವತ್ತೇ ಮೊದಲು ಪುಸ್ತಕದ ಭಾಷೆ ಬಿಟ್ಟು ಮಾತಾಡಿದ್ದು. ನಾಳೆ ನಿಮ್ಮ ಬಾಗಿಲಿಗೂ ಬರುತ್ತಾನೆ. ಅವನ ದೇವರು ಬೇಡವೆನ್ನಿ, ನನ್ನದೇನೂ ತಕರಾರಿಲ್ಲ. ಆದರೆ ಮೊದಲು ಅವನ ಹೆಸರು ಕೇಳಿ. ಆ ಹೆಸರು ಹಿಡಿದು ಕರೆದು, ಆಮೇಲೆ ಬೇಡವೆನ್ನಿ.