ಪತ್ರಿಕೆಯಲ್ಲಿ ಇಲ್ಲದ ಸಾಲನ್ನು ದಿನವೂ ಓದುವ ರಸೂಲ್

ಬೆಳಗಿನ ಆರು ಗಂಟೆ. ದಾವಣಗೆರೆಯಿಂದ ಬಂದ, ಪೆಟ್ರೋಲಿನ ಬದಲು ಇದ್ದಿಲಿನಿಂದ ಓಡುವ ಬಸ್ಸು ಕೆಮ್ಮುತ್ತ ಹೊನ್ನಾಳಿಯಲ್ಲಿ ನಿಲ್ಲುತ್ತದೆ. ಮೇಲಿನಿಂದ ಎಸೆದ ಪತ್ರಿಕೆಯ ಕಟ್ಟನ್ನು ಪಿಂಜಾರರ ರಸೂಲ್ ನೆಲ ಮುಟ್ಟುವ ಮೊದಲೇ ಹಿಡಿಯುತ್ತಾರೆ. ಹದಿನಾಲ್ಕು ಪ್ರತಿ, ಎಲ್ಲವೂ ನಿನ್ನೆಯವು. ಹದಿಮೂರನ್ನು ಚೀಲಕ್ಕೆ ತುಂಬಿ, ಒಂದನ್ನು ಬಿಡಿಸಿಕೊಂಡು ಬಂಗಾರಪ್ಪನ ಹೋಟೆಲಿನ ಕಲ್ಲುಬೆಂಚಿನ ಮೇಲೆ ಹತ್ತಿ ನಿಲ್ಲುತ್ತಾರೆ.

"ಯುದ್ಧ ಎಲ್ಲಿಗೆ ಬಂತು ರಸೂಲಣ್ಣ?" ಬಂಗಾರಪ್ಪ ಒಳಗಿನಿಂದಲೇ ಕೂಗುತ್ತಾನೆ.

"ನಿನ್ ಚಾ ಬರೋದ್ರೊಳಗೆ ಮುಗಿದೇ ಹೋಗ್ತೈತೆ, ತಗಂಡ್ ಬಾರೋ!"

ಯುದ್ಧ, ಸೀಮೆಎಣ್ಣೆಯ ರೇಷನ್, ಸರ್ಕಾರಕ್ಕೆ ಅಳೆಯಬೇಕಾದ ಭತ್ತದ ಲೆವಿ ಎಲ್ಲ ಮುಗಿದ ಮೇಲೂ ರಸೂಲ್ ಪತ್ರಿಕೆ ಮಡಚುವುದಿಲ್ಲ. ಕೊನೆಯ ಪುಟದ ಬುಡಕ್ಕೆ ಬೆರಳಿಟ್ಟು ಅದೇ ದನಿಯಲ್ಲಿ ಓದುತ್ತಾರೆ: "ಜಗಳೂರು ತಾಲ್ಲೂಕು ಸೊಕ್ಕೆಯ ಗಾದ್ರಮ್ಮ ಎಂಬ ಹೆಣ್ಣುಮಗಳು ಕಣ್ಮರೆಯಾಗಿದ್ದಾಳೆ..."

ಬೆರಳಿಟ್ಟ ಜಾಗದಲ್ಲಿ ಇರುವುದು ತಲೆಗೆ ಹಚ್ಚುವ ಎಣ್ಣೆಯ ಜಾಹೀರಾತು.

ರಸೂಲ್‌ಗೆ ಈಗ ನಲವತ್ತೆಂಟು. ಬಿಲ್ಲಿನಿಂದ ಹತ್ತಿ ಬಡಿಯುವುದು ಮನೆತನದ ಕಸುಬು. ನ್ಯಾಮತಿಯ ಓಂಕಾರಪ್ಪ ಮೇಷ್ಟ್ರ ಜಗಲಿಯಲ್ಲಿ ಗಾದಿ ತುಂಬುತ್ತ, ಒಳಗಿನ ಮಕ್ಕಳು ಕೂಗಿದ್ದನ್ನು ಕೇಳಿಸಿಕೊಂಡು ಅಕ್ಷರ ಕಲಿತರು. "ಬಿಲ್ಲಿನ ನಾರಿ ಠಂಯ್ ಅಂದಂಗೆಲ್ಲ ಒಂದೊಂದು ಅಕ್ಷರ ತಲ್ಯಾಗೆ ಕುಂತ್ಕಂಡ್ವು ನೋಡ್ರಿ." ಹತ್ತಿಯ ಧೂಳು ಎದೆಯಲ್ಲಿ ಕೂತ ಮೇಲೆ ಬಿಲ್ಲು ಬಿಟ್ಟು ಪತ್ರಿಕೆಯ ಚೀಲ ಹೊತ್ತರು. ಹೊನ್ನಾಳಿಯಿಂದ ನ್ಯಾಮತಿಗೆ ಹತ್ತು ಮೈಲಿ ನಡಿಗೆ, ದಾರಿಯುದ್ದಕ್ಕೂ ಏಳು ಕಡೆ ಓದು. ದಿನಕ್ಕೆ ಇನ್ನೂರು ಕಿವಿಯಾದರೂ ಕೇಳುತ್ತವಲ್ಲ ಎಂದರೆ ನಗುತ್ತಾರೆ: "ಮೂಕಪ್ಪಜ್ಜಂಗೆ ಒಂದೇ ಕಿವಿ ಕೇಳ್ಸೋದು. ನೂರಾ ತೊಂಬತ್ತೊಂಬತ್ತು ಅಂತ ಬರ್ಕಳ್ರಿ."

ಗಾದ್ರಮ್ಮನ ಸಂಗತಿ ಕಳೆದ ಸುಗ್ಗಿಯದು. ಸಾಸ್ವೆಹಳ್ಳಿಯ ಕಡೆ ಭತ್ತ ಕೊಯ್ಯಲು ಸೊಕ್ಕೆಯಿಂದ ಒಂದು ಗುಂಪು ಬಂದಿತ್ತು. ಅದರಲ್ಲಿ ಅಂಜಿನಮ್ಮ ಮತ್ತು ಆಕೆಯ ಮಗಳು ಗಾದ್ರಮ್ಮ ಇದ್ದರು. ಕೊಯ್ಲಿನ ಕೊನೆಯ ದಿನ ಉಪ್ಪು ತರಲು ಹೊನ್ನಾಳಿ ಸಂತೆಗೆ ಹೋದ ಮಗಳು ಬರಲಿಲ್ಲ. ಗುಂಪು ಊರಿಗೆ ಮರಳಿತು. ಅಂಜಿನಮ್ಮ ಮರಳಲಿಲ್ಲ. ಹೊನ್ನಾಳಿಯಲ್ಲೇ ಕಣ ಗುಡಿಸಿಕೊಂಡು ಉಳಿದಿದ್ದಾರೆ.

ಅದೇ ವಾರ ಚನ್ನಗಿರಿಯ ಸಾಹುಕಾರರೊಬ್ಬರ ಮಗಳೂ ಕಾಣೆಯಾಗಿದ್ದಳು. ಪತ್ರಿಕೆ ಅವಳ ಫೋಟೋ ಹಾಕಿತು, ಒಂಬತ್ತು ದಿನ ಬಿಡದೆ ಬರೆಯಿತು. ಹತ್ತನೆಯ ದಿನ ಹುಡುಗಿ ಸೋದರಮಾವನ ಮನೆಯಲ್ಲಿ ಸಿಕ್ಕಳು. ಗಾದ್ರಮ್ಮನ ಗುರುತು ಬರೆದುಕೊಂಡು ರಸೂಲ್ ವರದಿಗಾರರ ಬಳಿ ಮೂರು ಸಲ ಹೋದರು. ಯುದ್ಧದಿಂದ ಕಾಗದಕ್ಕೆ ಕಂಟ್ರೋಲು, ಜಾಗವಿಲ್ಲ ಎಂದು ಅವರು ಹೇಳಿದರು. ಮೂರನೆಯ ಸಲ ಇನ್ನೊಂದು ಮಾತೂ ಬಂತು: "ಆ ಜನ ಹಿಂಗೇ ಕಣಯ್ಯ. ಯಾರ ಜೊತೆಗೋ ಹೋಗಿರ್ತಾಳೆ."

"ಸಾಹುಕಾರ್ರ ಮಗಳು ಕಣ್ಮರೆ ಆದ್ಲಂತೆ, ಈಕಿ ಮಾತ್ರ ಹೋದ್ಲಂತೆ," ಎನ್ನುತ್ತಾರೆ ರಸೂಲ್. "ಇಬ್ರೂ ಮನ್ಯಾಗಿರ್ಲಿಲ್ಲ. ನಂಗೆ ಗೊತ್ತಿದ್ದದ್ದು ಅಷ್ಟೇ."

ಹದಿನೇಳನೆಯ ದಿನ ಒಂದು ಸಾಲು ಬಂತು: 'ಹೊನ್ನಾಳಿ ತಾಲ್ಲೂಕಿನಲ್ಲಿ ಕೂಲಿ ಹೆಂಗಸೊಬ್ಬಳು ಕಾಣೆ.' ಹೆಸರಿಲ್ಲ, ಊರಿಲ್ಲ. ರಸೂಲ್ ಓದಿದರು. ಬೆಂಚಿನ ಕೆಳಗೆ ಕುಳಿತಿದ್ದ ಅಂಜಿನಮ್ಮ, "ಹೆಸ್ರು ಬಿಟ್ಬಿಟ್ಯಲ್ಲಣ್ಣ," ಎಂದರು. ರಸೂಲ್ ಎರಡನೆಯ ಸಲ ಓದಿದಾಗ ಹೆಸರು, ಊರು, ಹಚ್ಚೆಯ ಗುರುತು ಎಲ್ಲ ಇತ್ತು. "ಬಾಯಿಗೆ ಬಂದ್ಬಿಡ್ತು. ಮರುದಿನ ನಿಲ್ಸಾಕೆ ಆಗ್ಲಿಲ್ಲ."

ಈಗ ಐದನೆಯ ತಿಂಗಳು. ನ್ಯಾಮತಿಯಲ್ಲಿ ಓಂಕಾರಪ್ಪ ಮೇಷ್ಟ್ರು ಒಂದು ದಿನ ಹೆಗಲ ಮೇಲಿಂದ ಇಣುಕಿ ನೋಡಿ, "ಇದು ಇಲ್ಲಿ ಇಲ್ವಲ್ಲೋ ರಸೂಲಾ," ಎಂದರಂತೆ. "ಇರ್ಬೇಕಾಗಿತ್ತಲ್ಲ ಮೇಷ್ಟ್ರೇ," ಎಂದರಂತೆ ಇವರು. ಈಗ ರಸೂಲ್ ಕೆಮ್ಮಿ ನಿಲ್ಲಿಸಿದರೆ, "ಗಾದ್ರಮ್ಮಂದು?" ಎಂದು ನೆನಪಿಸುವವರು ಮೇಷ್ಟ್ರೇ.

ಗಾಡಿಯವರು ಕೇಳಿದ್ದನ್ನು ಊರೂರಿಗೆ ಒಯ್ದಿದ್ದಾರೆ. ಮೂರು ಸುಳಿವು ಬಂದವು. ಮೂರೂ ಬೇರೆ ಹೆಂಗಸರು. ಅವರಲ್ಲಿ ಚನ್ನಗಿರಿಯ ಛತ್ರದಲ್ಲಿ ಸಿಕ್ಕ ಶಂಕರಮ್ಮ ಎಂಬಾಕೆಯನ್ನು ಮನೆಯವರು ಎರಡು ವರ್ಷದಿಂದ ಹುಡುಕುತ್ತಿದ್ದರು. ಆಕೆಯ ಹೆಸರೂ ಯಾವ ಪತ್ರಿಕೆಯಲ್ಲಿಯೂ ಬಂದಿರಲಿಲ್ಲ. ರಸೂಲ್ ಓದುವ ಈ ನಮ್ಮ ಪತ್ರಿಕೆಯಲ್ಲಿಯೂ.

ಮಗಳ ಸುದ್ದಿ ಅಚ್ಚಾಗಿಲ್ಲವೆಂದು ಅಂಜಿನಮ್ಮನಿಗೆ ತಿಳಿದಿಲ್ಲ ಎಂದೇ ರಸೂಲ್ ನಂಬಿದ್ದಾರೆ. ಕಣದ ಬಳಿ ಪೊರಕೆ ಹಿಡಿದ ಅಂಜಿನಮ್ಮ ಹೇಳುವುದೇ ಬೇರೆ: "ನಂಗೆ ಓದಾಕೆ ಬರಾಕಿಲ್ಲ, ಕಣ್ಣು ಅದಾವಲ್ರೀ. ಅವ್ನು ಬೆರಳಿಡೋ ಜಾಗದಾಗೆ ದಿನಾ ಅದೇ ಉದ್ದ ಜಡೆ ಹೆಂಗ್ಸು ಕುಂತಿರ್ತಾಳೆ. ನನ್ ಮಗ್ಳಿಗೆ ಅಲ್ಲೆಲ್ಲಿ ಜಾಗ? ಓದ್ಲಿ ಬಿಡ್ರಿ. ದಿನಾ ಒಬ್ನಾದ್ರೂ ಆಕಿ ಹೆಸ್ರು ಕರೀತಾನಲ್ಲ."

ನಾವು ಈ ಮಾತು ತಿಳಿಸಿದಾಗ ರಸೂಲ್ ಬಹಳ ಹೊತ್ತು ಚೀಲದ ದಾರ ಬಿಗಿಯುತ್ತಾರೆ. ಫೋಟೋ ತೆಗೆಸೋಣವೆಂದರೆ ಒಪ್ಪುವುದಿಲ್ಲ. "ನನ್ ಮುಖ ಯಾಕ್ರಿ? ಆ ಜಾಗದಾಗೆ ಆಕಿ ಸುದ್ದಿ ಹಾಕ್ರಿ. ಒಂದಿನಾದ್ರೂ ನಾನು ಇದ್ದದ್ದನ್ನ ಇದ್ದಂಗೆ ಓದ್ಬೇಕು."

ಜಗಳೂರು ತಾಲ್ಲೂಕು ಸೊಕ್ಕೆಯ ಗಾದ್ರಮ್ಮ ಎಂಬ ಹೆಣ್ಣುಮಗಳು ಕಣ್ಮರೆಯಾಗಿದ್ದಾಳೆ. ವಯಸ್ಸು ಇಪ್ಪತ್ತೆರಡು. ಎಣ್ಣೆಗೆಂಪು ಬಣ್ಣ, ಹಣೆಯಲ್ಲಿ ಮೂರು ಚುಕ್ಕಿ ಹಚ್ಚೆ, ಎಡಗೈ ಹೆಬ್ಬೆರಳಿಗೆ ಕುಡುಗೋಲು ತಾಗಿದ ಗಾಯದ ಕಲೆ. ನಗುವಾಗ ಬಾಯಿಗೆ ಸೆರಗು ಅಡ್ಡ ಹಿಡಿಯುತ್ತಾಳೆ. ಕಂಡವರು ಹೊನ್ನಾಳಿಯ ಪೇಪರ್ ರಸೂಲ್‌ಗೆ ತಿಳಿಸಬೇಕು. ತಾಯಿ ಅಲ್ಲಿಯೇ ಇದ್ದಾರೆ.